ಕರಗುವ ರೊಕ್ಕಕ್ಕೆ ಮೈಲಿಗೆಯಿಲ್ಲ

ಸಂಗಮನಾಥ ಸಾಹುಕಾರನ ಕಿರಾಣಿ ಅಂಗಡಿಯ ಕಟ್ಟೆ ಮೇಲೆ ಒಂದು ಸ್ಟೀಲಿನ ಬೋಗುಣಿ ಇದೆ. ಅದರ ತುಂಬ ನೀರು. ನಮ್ಮ ಕೇರಿಯವರು ಸಾಮಾನು ತರಲು ಹೋದರೆ ರೊಕ್ಕವನ್ನು ಆ ನೀರಿಗೆ ಹಾಕಬೇಕು. ಅವನ ಕೈಗೆ ಕೊಡುವಂತಿಲ್ಲ. ನಾಣ್ಯದ ಬಿಲ್ಲೆ ತಳ ಮುಟ್ಟಿದ ಮೇಲೆ ಅವನು ಚಮಚದಿಂದ ಒಮ್ಮೆ ತಿರುವುತ್ತಾನೆ, ಚಹಾಕ್ಕೆ ಸಕ್ಕರೆ ಕಲಸಿದ ಹಾಗೆ. "ಶಿವ ಶಿವಾ" ಎಂದು ಎತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕುತ್ತಾನೆ. ನೋಟಾದರೆ ಮೇಲೆ ನಾಲ್ಕು ಹನಿ ಚಿಮುಕಿಸುತ್ತಾನೆ. ಹೆಚ್ಚು ನೆನೆದರೆ ನೋಟು ಹರಿಯುತ್ತದಲ್ಲ, ಅದಕ್ಕೆ ನಾಲ್ಕೇ ಹನಿ. ಮೈಲಿಗೆಯಲ್ಲೂ ಲಾಭ ನಷ್ಟ ನೋಡುವ ಮನುಷ್ಯ.

ಚಿಲ್ಲರೆ ವಾಪಸು ಕೊಡುವಾಗ ಮೇಲಿನಿಂದ ಬಿಡುತ್ತಾನೆ. ನಾವು ಸೆರಗು ಒಡ್ಡಬೇಕು. ಸೆರಗು ತಪ್ಪಿ ಗಟಾರಕ್ಕೆ ಬಿದ್ದರೆ ಕೈ ಹಾಕಿ ಆರಿಸಿಕೊಳ್ಳಬೇಕು. ಆಗ ಅವನು ಬೇರೆ ಕಡೆ ನೋಡುತ್ತಾನೆ. ನೋಡಿದರೆ ಪಾಪ ಹತ್ತುತ್ತದೆ ಅಂತಲೋ ಏನೋ.

ನಾನು ಪರಿಮಳಾ. ತವರು ಶಹಾಪುರ. ಪಿಯುಸಿ ಮುಗಿಸಿ ಈ ಊರಿಗೆ ಸೊಸೆಯಾಗಿ ಬಂದವಳು. ಕೆಂಭಾವಿಯಲ್ಲಿ ಟಂಟಂ ಆಟೊ ಹತ್ತಿದರೆ ಈ ಊರು ಸಿಗುತ್ತದೆ. ಹೆಸರು ಹೇಳುವುದಿಲ್ಲ. ಹೆಸರು ಹೇಳಿದರೆ ಊರಿನ ಮಾನ ಹೋಗುತ್ತದಂತೆ. ಬೋಗುಣಿ ಇಟ್ಟರೆ ಹೋಗುವುದಿಲ್ಲವಂತೆ.

ಬೋಗುಣಿ ತೆಗೆಸಲು ಯಾರೂ ನೋಡಲಿಲ್ಲ ಎಂದಲ್ಲ. ಕೇರಿಯ ಹುಡುಗರು ಅರ್ಜಿ ಬರೆದರು. ಯಾರೋ ಅಧಿಕಾರಿ ಜೀಪಿನಲ್ಲಿ ಬಂದ. ಆಗ ಕೊರೊನಾ ಕಾಲ. ಸಾಹುಕಾರ ಬೋಗುಣಿಗೆ ಒಂದು ಮುಚ್ಚಳ ಸ್ಯಾನಿಟೈಜರ್ ಸುರುವಿ, "ರೋಗ ಹರಡಬಾರ್ದು ಅಂತ ಇಟ್ಟೀನ್ರಿ ಸಾಹೇಬ್ರ" ಎಂದ. ಅಧಿಕಾರಿ ತಲೆದೂಗಿ, ಬೋಗುಣಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ಚಹಾ ಕುಡಿದು ಹೋದ. ಆಮೇಲೆ ಫೋನಿನಲ್ಲಿ ರೊಕ್ಕ ಹಾಕುವುದು ಬಂತು. ಇನ್ನು ಬೋಗುಣಿಗೆ ಕೆಲಸವಿಲ್ಲ ಎಂದು ನಾವು ಅಂದುಕೊಂಡೆವು. ಸಾಹುಕಾರ ನಮಗಿಂತ ಹೆಚ್ಚು ಖುಷಿಪಟ್ಟ. ಸ್ಕ್ಯಾನ್ ಮಾಡುವ ಹಾಳೆಯನ್ನು ಅಂಗಡಿಯಿಂದ ದೂರ, ಗಟಾರದ ಆಚೆಯ ವಿದ್ಯುತ್ ಕಂಬಕ್ಕೆ ಅಂಟಿಸಿದ. ಕೇರಿಯ ಹುಡುಗರು ಇನ್ನು ಕಟ್ಟೆಯ ತನಕವೂ ಬರಬೇಕಿಲ್ಲ. ಫೋನ್ ಇಲ್ಲದ ಮುದುಕಿಯರಿಗೆ ಬೋಗುಣಿ ಇದ್ದೇ ಇತ್ತು.

ನನ್ನ ಅತ್ತೆ ಮರಿಲಿಂಗಮ್ಮನ ಬಳಿ ಫೋನ್ ಇಲ್ಲ. ಅವಳ ಬಳಿ ಇರುವುದು ಎರಡು ಕೈ. ಕಾಲುವೆ ಗದ್ದೆಯಲ್ಲಿ ಭತ್ತ ನಾಟಿ ಮಾಡಿ ಬೆರಳ ಸಂದಿಗಳು ಕೊಳೆತು ಒಣಗಿ ಮತ್ತೆ ಕೊಳೆತಿವೆ. ಹತ್ತಿ ಬಿಡಿಸಿ ಉಗುರಿನ ಸುತ್ತ ಚರ್ಮ ಸೀಳಿದೆ. ಮೆಣಸಿನಕಾಯಿ ಹರಿಯುವ ಕಾಲದಲ್ಲಿ ಆ ಸೀಳಿನೊಳಗೆ ಖಾರ ಇಳಿಯುತ್ತದೆ. ರಾತ್ರಿ ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಕೂರುತ್ತಾಳೆ. ಹಾಗೆ ಕೂತಾಗ ಒಂದು ಮಾತು ಹೇಳುತ್ತಿದ್ದಳು.

"ಸಾಯೋದ್ರೊಳಗ ಒಂದ್ಸಲ ಆ ಸಾವ್ಕಾರನ ಅಂಗೈಯಾಗ ರೊಕ್ಕ ಇಟ್ಟು ಸಾಯ್ತೀನಿ. ನೀರಾಗಲ್ಲ. ಅಂಗೈಯಾಗ."

ನನಗೆ ಸಿಟ್ಟು ಬರುತ್ತಿತ್ತು. ಕೇಳುವುದಾದರೆ ಹೊಲ ಕೇಳು, ಮನೆ ಕೇಳು. ಆ ನಾಯಿಯ ಅಂಗೈ ಯಾಕೆ ಬೇಕು? ಆದರೆ ಅವಳ ಮುಂದೆ ಹಾಗೆ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಮದುವೆಯಾಗಿ ಬಂದ ಮರುದಿನವೇ ಆ ಬೋಗುಣಿಗೆ ರೊಕ್ಕ ಹಾಕಿದವಳು ಅವಳು. ಅವಳ ಅತ್ತೆಯೂ ಹಾಕಿದ್ದಳು. ಆಗ ಅದು ಹಿತ್ತಾಳೆಯದಾಗಿತ್ತಂತೆ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಸಾಹುಕಾರ ನಮ್ಮ ಕೇರಿಗೆ ಬಂದ. ಚುನಾವಣೆ ಇರಲಿಲ್ಲ, ಬೆಂಕಿ ಬಿದ್ದಿರಲಿಲ್ಲ. ಬಿಳಿ ಧೋತರ ಎತ್ತಿ ಹಿಡಿದು, ಸೆಗಣಿ ಕಂಡಲ್ಲೆಲ್ಲ ಹಾರುತ್ತ ನಮ್ಮ ಮನೆಯ ಮುಂದೆ ನಿಂತ. ನನ್ನ ಮಾವ ಅಂಬ್ರಪ್ಪ ಹಗ್ಗ ಹೊಸೆಯುತ್ತ ಕೂತಿದ್ದವನು ದಡಕ್ಕನೆ ಎದ್ದು ಗೋಣಿಚೀಲ ಹಾಸಿದ. ಸಾಹುಕಾರ ಚೀಲವನ್ನು ನೋಡಿದ. ಕೂರಲಿಲ್ಲ.

"ಮರಿಲಿಂಗೀ, ಅದೀಯೇನು?"

"ಅದೀನ್ರಿ."

"ನಿಮ್ಮ ಹೆಣ್ಮಕ್ಕಳ ಗಡಿಗ್ಯಾಗ ದಪ್ಪ ಐದರ ಬಿಲ್ಲಿ ಅದಾವಂತಲ್ಲ? ಹಳೇವು? ತಗೊಂಬಾ. ಒಂದೊಂದಕ್ಕ ಆರು ರೂಪಾಯಿ ಕೊಡ್ತೀನಿ."

ಅವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅತ್ತೆಯನ್ನು ನಾನು ಅವ್ವ ಎಂದೇ ಕರೆಯುವುದು.

"ಐದಕ್ಕ ಆರು ಯಾಕ ಕೊಡ್ತೀರಿ ಸಾವ್ಕಾರ್ರ?"

"ದೇವ್ರ ಹರಕಿ ಅದ. ಹಳೇ ಬಿಲ್ಲಿ ತೂಗಿ ಕೊಡ್ಬೇಕು."

ಎಂಜಲ ಕೈಯಲ್ಲಿ ಕಾಗೆ ಓಡಿಸದವನು ದೇವರಿಗೆ ಒಂದಕ್ಕೆ ಒಂದು ರೂಪಾಯಿ ಹೆಚ್ಚು ಕೊಡುತ್ತಾನಂತೆ. ಅವ್ವ, "ಕೇರಿ ಹೆಣ್ಮಕ್ಕಳನ್ನ ಕೇಳಿ ಹೇಳ್ತೀನ್ರಿ" ಎಂದು ಕಳಿಸಿದಳು. ಅವನು ನಿಂತಿದ್ದ ಜಾಗದತ್ತ ಅಂಬ್ರಪ್ಪ ಇನ್ನೂ ಬಗ್ಗಿಕೊಂಡೇ ಇದ್ದ.

ಆ ಗಡಿಗೆಯ ವಿಷಯ ಹೇಳಬೇಕು. ಅವ್ವನ ಹಿರಿಯ ಮಗಳು ಹೆರಿಗೆ ನೋವು ತಿನ್ನುತ್ತ ಶಹಾಪುರದ ದಾರಿಯಲ್ಲಿ ಸತ್ತಳು. ನಾನು ಈ ಮನೆಗೆ ಬರುವುದಕ್ಕೆ ಎಷ್ಟೋ ಮುಂಚೆ. ಜೀಪಿನವನು ಮೊದಲು ರೊಕ್ಕ ತೋರಿಸಿ ಎಂದಿದ್ದ. ತೋರಿಸಲು ಇರಲಿಲ್ಲ. ಚಕ್ಕಡಿಯಲ್ಲಿ ಹಾಕಿಕೊಂಡು ಹೋದರು, ಹೆಣ ತಂದರು. ಅವಳನ್ನು ಹೂಳಿದ ವಾರವೇ ಅವ್ವ ಒಂದು ಗಡಿಗೆ ತಂದು ಕೇರಿಯ ಹೆಂಗಸರ ನಡುವೆ ಇಟ್ಟಳು. ಕೆಂಭಾವಿ ಸಂತೆಯ ದಿನ ಒಬ್ಬೊಬ್ಬರು ಒಂದೊಂದು ಬಿಲ್ಲೆ ಹಾಕಬೇಕು. ಗಂಡಸರು ಮುಟ್ಟುವಂತಿಲ್ಲ. ಯಾರ ಮನೆಯಲ್ಲಿ ಹೆರಿಗೆಯಾದರೂ ಅದರಿಂದಲೇ ಜೀಪು.

ಆಗ ಐದು ರೂಪಾಯಿಯ ಬಿಲ್ಲೆ ದಪ್ಪಗಿತ್ತು. ಕೈಯಲ್ಲಿ ಹಿಡಿದರೆ ಏನೋ ಹಿಡಿದಿದ್ದೇವೆ ಅನ್ನಿಸುತ್ತಿತ್ತು. ಮೇಲಿನ ಓಣಿಯವರ ಅಂಗಿಯ ಜೇಬು ಹರಿಯುತ್ತದೆಂದು ಸಾಹುಕಾರ ಅವನ್ನೆಲ್ಲ ನಮ್ಮ ಸೆರಗಿಗೇ ಬಿಡುತ್ತಿದ್ದ. ನಮ್ಮ ಕೂಲಿಯಲ್ಲೂ ಅವೇ ಬರುತ್ತಿದ್ದವು. ಗಡಿಗೆ ತುಂಬಿತು, ಎರಡನೆಯದು ತುಂಬಿತು. ಆ ರೊಕ್ಕದಲ್ಲಿ ಹುಟ್ಟಿದ ಮಕ್ಕಳು ಈಗ ಟ್ರ್ಯಾಕ್ಟರ್ ಹೊಡೆಯುತ್ತಿದ್ದಾರೆ. ಸರಕಾರದ ಆಂಬುಲೆನ್ಸ್ ಬಂದ ಮೇಲೆ ಗಡಿಗೆಗೆ ಕೈ ಹಾಕುವುದು ಕಡಿಮೆಯಾಯಿತು. ಉಳಿದದ್ದು ನಮ್ಮ ಒಲೆಯ ಹಿಂದೆ ನೆಲದೊಳಗೆ ಇತ್ತು.

ಎರಡು ದಿನ ಬಿಟ್ಟು ಚಾಂದಪಾಶಾ ಬಂದ. ಸುರಪುರದವನು. ಮೋಪೆಡ್ ಮೇಲೆ ಹಳೆ ಕಬ್ಬಿಣ, ಬಾಟಲಿ, ಹೆಂಗಸರು ಬಾಚಿ ತೆಗೆದ ಕೂದಲು ಎಲ್ಲ ಕೊಳ್ಳುತ್ತಾನೆ, ಬದಲಿಗೆ ಸ್ಟೀಲ್ ಡಬ್ಬಿ ಕೊಡುತ್ತಾನೆ. ನಮ್ಮ ಮನೆಯಲ್ಲಿ ನೀರು ಕೇಳಿ ಕುಡಿಯುವ ಹೊರಗಿನವನು ಅವನೊಬ್ಬ. ಅವ್ವ ಅವನ ಮುಂದೆ ಒಂದು ದಪ್ಪ ಬಿಲ್ಲೆ ಇಟ್ಟಳು.

"ಇದಕ್ಕ ಆರು ಕೊಡ್ತೀನಂತಾನ ಸಾವ್ಕಾರ. ಯಾಕ?"

ಚಾಂದಪಾಶಾ ನಕ್ಕ. "ಅರೇ ಅವ್ವಾ, ಆರು ಅಲ್ಲ, ಎಂಟು ಕೇಳು. ಇದರ ಮಾರಿ ಮ್ಯಾಲ ಐದು ಅಂತ ಬರದದ ಅಷ್ಟೇ. ಒಳಗಿನ ತಾಮ್ರ ನಿಕ್ಕಲ್ ತೂಕಕ್ಕ ಹಾಕಿದ್ರ ಒಂಬತ್ತರ ಮಾಲು. ಯಾವನೋ ದೂರದವ ಕರಗಸ್ತಾನಂತ, ಗಟ್ಟಿ ಮಾಡಿ ಮಾರ್ತಾನಂತ. ನಿಮ್ಮ ಸಾವ್ಕಾರ ಊರೂರು ತಿರಗಾಕತ್ತಾನ ಇದಕ್ಕ."

"ನೀನ ಯಾಕ ತಗೊಳ್ಳಲ್ಲ?"

"ನನಗ ಬ್ಯಾಡವ್ವಾ. ಸರಕಾರದ ರೊಕ್ಕ ಕರಗ್ಸೋದು ಜುರ್ಮು. ನನ್ನಂಥವನ್ನ ಹಿಡದ್ರ ನಾಕು ಒದ್ದು ಒಳಗ ಹಾಕ್ತಾರ."

"ಬೋಗುಣಿ ಇಡೋದೂ ಜುರ್ಮನ ಅಲ್ಲೇನು?"

"ಅದೂ ಜುರ್ಮು."

"ಹಂಗಂದ್ರ ಎರಡಕ್ಕೂ ಅವನ್ನ ಯಾರೂ ಹಿಡಿಯಂಗಿಲ್ಲ ಬಿಡು" ಎಂದಳು ಅವ್ವ. ಬಿಲ್ಲೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖದಲ್ಲಿ ಏನೋ ಬಂದು ಕೂತಿತು. ಅದು ಏನೆಂದು ನನಗೆ ಆಗ ತಿಳಿಯಲಿಲ್ಲ.

ಅಂದು ಸಂಜೆ ಕೇರಿಯ ಹೆಂಗಸರೆಲ್ಲ ನಮ್ಮ ಅಂಗಳದಲ್ಲಿ ಸೇರಿದರು. ಎಂಟು ಕೇಳೋಣ, ಒಂಬತ್ತು ಕೇಳೋಣ ಎಂದು ಮಾತಾಯಿತು. ಅವ್ವ ಎದ್ದು ನಿಂತು ಹೇಳಿದಳು. "ಐದಕ್ಕೇ ಕೊಡೋಣು. ಒಂದು ಪೈಸಾ ಲಾಭ ಬ್ಯಾಡ. ಆದ್ರ ಅವ ಅಂಗಡಿ ಮುಂದ, ಊರ ಮಂದಿ ಎದುರಿಗೆ, ನಮ್ಮ ಕೈಯಿಂದ ತನ್ನ ಕೈಯಾಗ ತಗೋಬೇಕು. ನೀರು ಮುಟ್ಟಿಸಬಾರ್ದು."

ಅಂಬ್ರಪ್ಪ ಹಣೆ ಬಡಿದುಕೊಂಡ. "ನಿನಗ ಮೈಮ್ಯಾಲ ಖಬರ ಅದಯೇನು? ಒಂಬತ್ತರ ಮಾಲು ಐದಕ್ಕ ಕೊಡ್ತೀ? ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು!"

"ಗಡಿಗಿ ನಿಂದಲ್ಲ, ಸುಮ್ಕ ಕೂಡು. ಉಳಿದ ರೊಕ್ಕಕ್ಕ ನಾ ಅವನ ಅಂಗೈ ಕೊಳ್ಳಾಕತ್ತೀನಿ. ಊರ ಎದುರಿಗೆ ಒಮ್ಮಿ ಮುಟ್ಟಿದ ಮ್ಯಾಲ ನಾಳಿಗಿ ಯಾವ ಮಾರಿ ಇಟ್ಕೊಂಡು ಬೋಗುಣಿ ಇಡ್ತಾನ?"

ಹೆಂಗಸರಲ್ಲಿ ಒಬ್ಬಳು ಹೂಂ ಎಂದಳು, ಇನ್ನೊಬ್ಬಳು ಹೂಂ ಎಂದಳು. ಸಂತೆ ಸಂತೆಗೆ ಒಂದೊಂದು ಬಿಲ್ಲೆ ಹಾಕಿದವರು ಅವರೇ. ಅದು ಯಾವುದಕ್ಕೆ ಹೋಗಬೇಕೆಂದು ಹೇಳುವ ಹಕ್ಕೂ ಅವರದೇ. ನಾನೂ ಹೂಂ ಎಂದೆ. ಇಷ್ಟು ದಿನ ಸಣ್ಣದು ಅನ್ನಿಸಿದ್ದ ಅವ್ವನ ಆಸೆ ಆ ಸಂಜೆ ನನಗೆ ದೊಡ್ಡದಾಗಿ ಕಂಡಿತು.

ಸಾಹುಕಾರ ಮತ್ತೆ ಬಂದಾಗ ಅವ್ವ ಷರತ್ತು ಹೇಳಿದಳು. ಐದಕ್ಕೆ ಎಂದಾಗ ಅವನ ಕಣ್ಣು ಅರಳಿದವು. ಅಂಗೈ ಎಂದಾಗ ಮುಚ್ಚಿದವು. "ನಮ್ಮವ್ವನ್ನ ಕೇಳ್ಬೇಕು" ಎಂದು ಹೋದ. ಅವನ ತಾಯಿ ಸೂಗಮ್ಮ ಎಂದರೆ ಮಡಿಯ ಮುದ್ದೆ. ನಮ್ಮ ನೆರಳು ತಾಗಿದ ಸಂಡಿಗೆಯನ್ನು ಎಮ್ಮೆಗೆ ಹಾಕಿಸಿದವಳು. ಅವಳು ಒಪ್ಪುವುದಿಲ್ಲ ಎಂದು ನಾವು ಬಲ್ಲೆವು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಸಾಹುಕಾರನ ಆಳು ಬಂದ. "ಆಗ್ಲಿ ಅಂದಾರ. ನಾಳಿಗಿ ತಗೊಂಬರ್ರಿ." ಇಷ್ಟು ಸಲೀಸಾಗಿ ಹೇಗೆ ಒಪ್ಪಿದ ಎಂದು ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ದುರಾಸೆ ದೊಡ್ಡದು ಎಂದುಕೊಂಡು ನಕ್ಕೆ.

ಗಡಿಗೆ ಹೊರಟಿತು. ನೆಲದಿಂದ ತೆಗೆದು, ಬುಟ್ಟಿಗಳಲ್ಲಿ ಹಂಚಿಕೊಂಡು, ತಲೆ ಮೇಲೆ ಹೊತ್ತು ನಡೆದೆವು. ಕುತ್ತಿಗೆ ಹೂತು ಹೋಗುವ ಭಾರ. ಅಂಗಡಿಯ ಮುಂದೆ ಮೇಲಿನ ಓಣಿಯ ಗಂಡಸರು ಕಟ್ಟೆ ತುಂಬ ಕೂತಿದ್ದರು. ಸಾಹುಕಾರ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬಲಗೈಗೆ ಪ್ಲಾಸ್ಟಿಕ್ ಚೀಲ ತೊಟ್ಟಿದ್ದ.

"ಚೀಲ ತಗೀರಿ" ಎಂದಳು ಅವ್ವ.

"ಬಿಲ್ಲಿ ಜಂಗು ಹಿಡದಾವ, ಕೈ ಹೊಲಸಾಗ್ತದ."

"ಜಂಗು ಹಿಡಿಯೋ ಬಿಲ್ಲಿ ಅಲ್ಲ ಇವು. ಅದು ನಿಮಗ ನಮಗಿಂತ ಛಲೋ ಗೊತ್ತದ. ಚೀಲ ತಗೀರಿ, ಇಲ್ಲಂದ್ರ ಬುಟ್ಟಿ ಎತ್ತತೀವಿ."

ಚೀಲ ತೆಗೆದ. ಒಬ್ಬೊಬ್ಬರಾಗಿ ಹೋದೆವು. ಮೆಣಸಿನಕಾಯಿ ಹರಿದ ಕೈ, ಸೆಗಣಿ ತಟ್ಟಿದ ಕೈ, ಬೆರಳಿಲ್ಲದ ಒಂದು ಕೈ. ಬೇಕೆಂದೇ ನಿಧಾನವಾಗಿ ಇಟ್ಟೆವು, ಬೇಕೆಂದೇ ಒತ್ತಿದೆವು. ಒಬ್ಬಳು ಬಿಲ್ಲೆ ಇಟ್ಟು ಅವನ ಬೆರಳುಗಳನ್ನು ತಾನೇ ಮಡಚಿ, "ಗಟ್ಟಿ ಹಿಡೀರಿ, ಬಿದ್ದೀತು" ಎಂದಳು. ಸಾಹುಕಾರ ಕಣ್ಣು ಮುಚ್ಚಿಕೊಂಡು ಕೈ ಚಾಚಿದ್ದ. ಸೂಜಿ ಚುಚ್ಚಿಸಿಕೊಳ್ಳುವವನ ಹಾಗೆ. ಆಳು ಪಕ್ಕದಲ್ಲಿ ಎಣಿಸಿ, ಒಂದಕ್ಕೆ ಐದರಂತೆ ನೋಟು ಕೊಡುತ್ತಿದ್ದ. ಕಟ್ಟೆಯವರು ಕೆಮ್ಮಿದರು, ಎಲೆ ಉಗಿದರು, ಎದ್ದು ಹೋಗಲಿಲ್ಲ.

ಕೊನೆಗೆ ಅವ್ವ ಹೋದಳು. ಬಿಲ್ಲೆಯನ್ನು ಅವನ ಅಂಗೈಯ ನಡುವೆ ಇಟ್ಟು, ಕೈ ಹಿಂದಕ್ಕೆ ತೆಗೆಯದೆ ಹಾಗೇ ನಿಂತಳು. ಅವನು ಕಣ್ಣು ತೆರೆದು ನೋಡಿದ. ಆಗ ಕೈ ತೆಗೆದಳು. ಮನೆಗೆ ಬಂದು ಗೋಡೆಗೆ ಒರಗಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ. ಖುಷಿಗೇ ಅತ್ತೆ, ಸುಳ್ಳು ಹೇಳುವುದಿಲ್ಲ. ಆ ದಿನ ಕೇರಿಯಲ್ಲಿ ಹೋಳಿಗೆ ಮಾಡಿದರು.

ಮರುದಿನ ಚಹಾಪುಡಿ ತೀರಿತ್ತು. ನಾನು ಈಗಿನ ತೆಳ್ಳನೆಯ ಐದರ ಬಿಲ್ಲೆಗಳನ್ನು ಹಿಡಿದು ಅಂಗಡಿಗೆ ಹೋದೆ. ತಲೆ ಎತ್ತಿಕೊಂಡೇ ಹೋದೆ. ಶಾಲೆಯ ಮಾಸ್ತರನ ಹೆಂಡತಿ ನಾಗರತ್ನಾ ಬೇಳೆ ತೂಗಿಸಿಕೊಳ್ಳುತ್ತ ನಿಂತಿದ್ದಳು. ಅವಳ ಗಂಡ ಆಗಸ್ಟ್ ಹದಿನೈದಕ್ಕೆ ಸಮಾನತೆಯ ಭಾಷಣ ಮಾಡುವಾಗ ಮೈಕು ಒದ್ದೆಯಾಗುತ್ತದೆ. ನಾನು ಕೈ ಚಾಚಿದೆ.

ಸಾಹುಕಾರ ನನ್ನ ಕೈ ನೋಡಲಿಲ್ಲ. "ನೀರಾಗ ಹಾಕು" ಎಂದ.

ಬೋಗುಣಿ ಅಲ್ಲೇ ಇತ್ತು. ತಿಕ್ಕಿ ಬೆಳಗಿದ್ದರು.

"ನಿನ್ನಿ ಕೈಯಾಗ ತಗೊಂಡ್ರಲ್ಲ?"

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೂ ನಡೆಯುತ್ತಿತ್ತು. ಸಣ್ಣ ಮಗುವಿಗೆ ಹೇಳಿದಂತೆ ಹೇಳಿದ. "ಅದು ಬ್ಯಾರೆ, ಇದು ಬ್ಯಾರೆ."

ಒಳಗಿನಿಂದ ಸೂಗಮ್ಮನ ದನಿ ಬಂತು. "ಅದು ಕರಗೋ ರೊಕ್ಕ ಬೇ. ಬೆಂಕಿಗಿ ಹೋಗೋದಕ್ಕ ಮೈಲಿಗಿ ಇಲ್ಲ, ಬೆಂಕಿ ಎಲ್ಲಾ ಸುಡ್ತದ. ಅದಕ್ಕೇ ನಾ ಹೂಂ ಅಂದೆ. ಮನಿಗಿ ಬಂದು ಜಳಕ ಮಾಡ್ಯಾನ, ಮುಗೀತು. ಈಗ ನೀ ತಂದಿದ್ದು ಕರಗಂಗಿಲ್ಲ, ಗಲ್ಲಾದಾಗ ಉಳಿತದ. ನೀರಾಗ ಹಾಕು."

ಕಳ್ಳನಿಗೊಂದು ಪಿಳ್ಳೆ ನೆವ. ನಾಗರತ್ನಾ ತಲೆಯಾಡಿಸಿ, "ಅದೂ ಖರೆನ" ಎಂದಳು. ಬಿಎ ಓದಿದವಳು.

ನಾನು ಚಹಾಪುಡಿ ಬಿಟ್ಟು ಓಡಿ ಬಂದೆ. ನಿನ್ನೆ ಅತ್ತದ್ದು ನೆನಪಾಗಿ ನಾಚಿಕೆಯಾಯಿತು. ನಾವು ಅವನ ಅಂಗೈ ಕೊಂಡಿರಲಿಲ್ಲ. ಅವನು ನಮ್ಮ ಹೆರಿಗೆಯ ರೊಕ್ಕವನ್ನು ಅಗ್ಗಕ್ಕೆ ಕೊಂಡು, ಮೇಲೆ ಜಳಕ ಮಾಡಿದ್ದ.

ಅವ್ವ ಅಂಗಳದಲ್ಲಿ ಒಣಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಸುತ್ತ ನಾಲ್ಕಾರು ಹೆಂಗಸರು. ನಾನು ಎಲ್ಲ ಹೇಳಿದೆ. ಅಂಬ್ರಪ್ಪ ಮೂಲೆಯಿಂದ, "ನಾ ಬಡಕೊಂಡ್ನಿಲ್ಲೇನು" ಎಂದ. ಯಾರೂ ಅವನತ್ತ ತಿರುಗಲಿಲ್ಲ. ಅವ್ವ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಪುಡಿಪುಡಿ ಮಾಡಿದಳು. ಆಮೇಲೆ ಕೇಳಿದಳು.

"ಬೆಂಕಿಗಿ ಹೋಗೋದಕ್ಕ ಮೈಲಿಗಿ ಇಲ್ಲಂದ್ಲೇನು ಆ ಮುದುಕಿ?"

"ಹೂಂ ಅವ್ವಾ."

"ಅದೇ ಮಾತು ಅಂದ್ಲೇನು? ಮಾಸ್ತರನ ಹೇಣ್ತಿ ಕೇಳ್ಯಾಳೇನು?"

"ಕೇಳ್ಯಾಳ. ಖರೆ ಅಂದ್ಲು."

"ಏಳ್ರಿ" ಎಂದಳು ಅವ್ವ. ಕೈ ತೊಳೆಯಲಿಲ್ಲ. ಖಾರದ ಕೈಯಲ್ಲೇ ಹೊರಟಳು. ಏನು ಮಾಡುತ್ತಾಳೆ ಎಂದು ಯಾರಿಗೂ ತಿಳಿಯಲಿಲ್ಲ, ಆದರೂ ಎಲ್ಲರೂ ಎದ್ದೆವು. ನಡೆಯುತ್ತ ನಡೆಯುತ್ತ ಕೇರಿಯ ಇನ್ನಷ್ಟು ಹೆಂಗಸರು ಕೂಡಿಕೊಂಡರು.

ಅಂಗಡಿಗೆ ಮೂರು ಮೆಟ್ಟಿಲು. ನಮ್ಮ ಕೇರಿಯ ಒಂದು ಕಾಲೂ ಆ ಮೆಟ್ಟಿಲನ್ನು ತುಳಿದಿರಲಿಲ್ಲ. ಚೀಲ ಇಳಿಸಲು ಬಂದ ನಮ್ಮ ಗಂಡಸರು ಸಹ ಹಿಂದಿನ ಗೋದಾಮಿನ ಬಾಗಿಲಲ್ಲಿ ಇಳಿಸಿ ಹೋಗುತ್ತಿದ್ದರು. ಅವ್ವ ಹತ್ತಿದಳು. ಸಾಹುಕಾರ "ಏ! ಏ! ಏ!" ಎಂದ. ಅವ್ವ ಬಾಯಿ ಬಿಚ್ಚಿಟ್ಟಿದ್ದ ಅಕ್ಕಿ ಚೀಲದ ಮುಂದೆ ನಿಂತು, ಬಲಗೈಯನ್ನು ಮೊಣಕೈ ತನಕ ಒಳಗೆ ತುರುಕಿದಳು.

"ಇದು ಒಲಿ ಮ್ಯಾಲ ಹೋಗ್ತದಲ್ಲ ಸಾವ್ಕಾರ್ರ? ಬೇಯ್ತದಲ್ಲ? ಹಂಗಂದ್ರ ಮೈಲಿಗಿ ಇಲ್ಲ."

ಕೈ ತೆಗೆದು ತೊಗರಿಬೇಳೆಗೆ ಹಾಕಿದಳು. "ಇದೂ ಕುದೀತದ." ಬೆಲ್ಲದ ಪೆಂಟೆಯನ್ನು ಎರಡೂ ಕೈಯಲ್ಲಿ ತಬ್ಬಿದಳು. "ಇದು ಕರಗ್ತದ. ಕರಗೋದಕ್ಕ ಮೈಲಿಗಿ ಇಲ್ಲ, ನಿಮ್ಮವ್ವನ ಮಾತು." ಎಣ್ಣೆಯ ಡಬ್ಬಿಗೆ ಬೆರಳು ಅದ್ದಿದಳು. "ಇದು ಕಾಯ್ತದ."

ನಮಗೆ ಆಗ ತಿಳಿಯಿತು. ಯಾರೂ ಯಾರಿಗೂ ಹೇಳಲಿಲ್ಲ. ನುಗ್ಗಿದೆವು. ಜೋಳದ ಹಿಟ್ಟಿಗೆ, ರವೆಗೆ, ಕಡಲೆಬೇಳೆಗೆ, ಸಕ್ಕರೆಗೆ. ಗೋದಾಮಿನ ಬಾಗಿಲು ತೆರೆದಿತ್ತು, ಅಲ್ಲಿಗೂ ಹೋದೆವು. ಒಂದು ಕಾಳು ಚೆಲ್ಲಲಿಲ್ಲ, ಒಂದು ಕಾಳು ಕದಿಯಲಿಲ್ಲ. ಮುಟ್ಟಿದೆವು, ಅಷ್ಟೇ. ಒಬ್ಬಳು ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಲು ಹೋದಾಗ ಅವ್ವ ಗದರಿದಳು. "ಅದು ಬ್ಯಾಡ! ಅದು ಒಲಿಗಿ ಹೋಗಂಗಿಲ್ಲ. ಚುರಮುರಿ ಮಂಡಾಳೂ ಬ್ಯಾಡ. ಅವರ ನೇಮ ನಾವು ಮುರೀಬಾರ್ದು."

ಅಂಗಡಿಯ ಮುಂದೆ ಮೇಲಿನ ಓಣಿ ಪೂರ್ತಿ ನೆರೆಯಿತು. ಸೂಗಮ್ಮ ಒಳಬಾಗಿಲಲ್ಲಿ ನಿಂತು ಎದೆ ಬಡಿದುಕೊಂಡಳು. "ಹೊರಗ ಚೆಲ್ಲೋ ಸಂಗ್ಯಾ! ಎಲ್ಲಾ ಚೆಲ್ಲು! ಮನಿ ಹಾಳಾತು!"

ನಾಗರತ್ನಾ ಇನ್ನೂ ಅಲ್ಲೇ ಇದ್ದಳು. ತೂಗಿಸಿದ ಬೇಳೆ ಅವಳ ಚೀಲದಲ್ಲಿತ್ತು, ಅಕ್ಕಿ ಬಾಕಿ ಇತ್ತು. "ನನಗ ಬ್ಯಾರೆ ಚೀಲದಾಗಿಂದು ಕೊಡ್ರಿ" ಎಂದಳು ಸಣ್ಣ ದನಿಯಲ್ಲಿ. ಬೇರೆ ಚೀಲ ಇರಲಿಲ್ಲ. ಎಲ್ಲದರಲ್ಲೂ ನಮ್ಮ ತೋಳು ಇತ್ತು.

ಸಾಹುಕಾರ ಚೀಲಗಳನ್ನು ನೋಡಿದ. ಗೋದಾಮಿನ ಕಡೆ ನೋಡಿದ. ತಾಯಿಯನ್ನು ನೋಡಿದ. ಅವನ ಒಳಗೆ ತಕ್ಕಡಿ ಆಡುತ್ತಿದ್ದುದು ನನಗೆ ಹೊರಗಿನಿಂದಲೇ ಕಂಡಿತು. ಒಂದು ಕಡೆ ಅಜ್ಜ ಮುತ್ತಜ್ಜರಿಂದ ಬಂದ ಮಡಿ, ಇನ್ನೊಂದು ಕಡೆ ಲಾರಿಯಲ್ಲಿ ಬಂದ ಮಾಲು. ತಕ್ಕಡಿ ಬಹಳ ಹೊತ್ತು ಆಡಲಿಲ್ಲ.

"ಸುಮ್ಕಿರವ್ವಾ!" ಎಂದು ತಾಯಿಯ ಮೇಲೆ ಚೀರಿದ. ಮಂದಿಯ ಕಡೆ ತಿರುಗಿ ಹಲ್ಲು ಕಿರಿದ. "ಏನೂ ಆಗಿಲ್ರಿ. ಮುಟ್ಟಿದ್ರ ಏನಾಗ್ತದ? ಬೇಸಿ ಉಣ್ಣೋ ಮಾಲು. ಮೈಲಿಗಿ ಗೀಲಿಗಿ ಎಲ್ಲಾ ಹಳೇ ಕಾಲದ ಮಾತು. ತಗೋರಿ, ತಗೋರಿ, ಮೊದ್ಲಿನ ರೇಟೇ ಅದ."

ನನಗೆ ಉಗಿಯಬೇಕು ಅನ್ನಿಸಿತು. ಅಜ್ಜಿಯಿಂದ ಸೊಸೆಯ ತನಕ ನೀರಿನಲ್ಲಿ ಅದ್ದಿದ ಮೈಲಿಗೆ ಅದು. ಬೇಳೆ ಚೀಲ ಉಳಿಸಿಕೊಳ್ಳಲು ಒಂದೇ ಉಸಿರಿಗೆ ಬಿಟ್ಟುಬಿಟ್ಟ. ಇಷ್ಟು ಹಗುರದ್ದನ್ನು ನಾವು ಇಷ್ಟು ದಿನ ಹೊತ್ತೆವಲ್ಲ ಎಂದು ಹೊಟ್ಟೆ ಉರಿಯಿತು.

ಅವ್ವ ಮೈಮೇಲಿನ ಹಿಟ್ಟು ಕೊಡವಿಕೊಂಡಳು. "ಎಲ್ಲಾ ಬೆಂಕಿಗಿ ಹೋಗ್ತಾವ ಸಾವ್ಕಾರ್ರ. ಅಕ್ಕಿ ಹೋಗ್ತದ, ಬ್ಯಾಳಿ ಹೋಗ್ತದ, ನಮ್ಮ ಬಿಲ್ಲಿ ಹೋದ್ವು. ನೀವೊಬ್ರೇ ಹೋಗಂಗಿಲ್ಲ. ಸತ್ತ ಮ್ಯಾಲ ನಿಮ್ಮನ್ನ ಕುಂಡ್ರಿಸಿ ಮಣ್ಣಾಗ ಹುಗೀತಾರ. ನಿಮ್ಮ ಮೈಲಿಗಿ ಹ್ಯಾಂಗ ಸುಡಬೇಕು?"

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಲಿನ ಓಣಿಯವನೇ. ಇನ್ನೊಬ್ಬ ಕೂಗಿದ. "ಮೈಲಿಗಿ ಇಲ್ಲಂದಿ, ಹಂಗಂದ್ರ ಆಕಿ ಕೈಯಾಗಿನ ರೊಕ್ಕ ತಗೊಂಡು ತೋರ್ಸು. ಆಮ್ಯಾಲ ನಾವು ಅಕ್ಕಿ ಒಯ್ತೀವಿ."

ಅವರಿಗೆ ನಮ್ಮ ಮೇಲೇನೂ ಪ್ರೀತಿ ಉಕ್ಕಿರಲಿಲ್ಲ. ತಾವು ತಿನ್ನುವ ಅನ್ನಕ್ಕೆ ಒಂದು ಸಾಕ್ಷಿ ಬೇಕಿತ್ತು. ಸಾಹುಕಾರನಿಗೆ ಬೇರೆ ದಾರಿ ಇರಲಿಲ್ಲ. ಕೈ ಚಾಚಿದ. ಊರ ಎದುರಿಗೆ, ಹಗಲು ಹೊತ್ತಿನಲ್ಲಿ, ಕರಗದ ರೊಕ್ಕಕ್ಕೆ.

ನನ್ನ ಎಡಗೈ ಮುಷ್ಟಿಯಲ್ಲಿ ಬೆಳಗಿನ ಬಿಲ್ಲೆಗಳು ಇನ್ನೂ ಇದ್ದವು. ಒಂದನ್ನು ಅವ್ವನಿಗೆ ಕೊಟ್ಟೆ. ಅವಳು ಅದನ್ನು ತೆಗೆದುಕೊಂಡು ಮೆಟ್ಟಿಲ ಮೇಲೆ ಅವನ ಎದುರು ನಿಂತಳು. ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಎಷ್ಟೋ ರಾತ್ರಿ ಅವಳು ಕೇಳಿಕೊಂಡಿದ್ದ ಅಂಗೈ ಅದೇ. ಇಡು ಅವ್ವಾ, ಇಡು ಎಂದು ನಾನು ಒಳಗೇ ಅಂದೆ. ಅವಳು ಬಗ್ಗಿ ಆ ಅಂಗೈಯನ್ನು ನೋಡಿದಳು. ಸಂತೆಯಲ್ಲಿ ಕೊಳೆತ ಬದನೆಕಾಯಿ ನೋಡುವಂತೆ, ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ. ಬಿಲ್ಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಕೈ ತೊಳಕೊಂಡು ಬರ್ರಿ" ಎಂದಳು.

ಸಾಹುಕಾರ ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದಿದ್ದ. ಅಕ್ಕಿ ಚೀಲಗಳ ಕಡೆ ನೋಡಿದ, ಕಾಯುತ್ತಿದ್ದ ಗಿರಾಕಿಗಳ ಕಡೆ ನೋಡಿದ. ಆಮೇಲೆ ಒಳಗೆ ಹೋದ. ಹಿತ್ತಲಲ್ಲಿ ಕೈಗೆ ನೀರು ಸುರಿದುಕೊಳ್ಳುವ ಸದ್ದು ಕೇಳಿತು.

ನಾವು ಕಾಯಲಿಲ್ಲ.